ಎಸ್‌ಐ 570: ಕೇಳಿದ ಫ್ರೀಕ್ವೆನ್ಸಿ ಕೊಡುತ್ತದೆ, ಕೇಳುವ ಕ್ರಮ ಗೊತ್ತಿರಬೇಕು ಅಷ್ಟೆ

ನಮ್ಮಪ್ಪನ ಹತ್ತಿರ ಒಂದು ಹಳೇ ಬಿಸ್ಕತ್ತಿನ ಡಬ್ಬ ಇತ್ತು. ಅದರ ತುಂಬ ರೇಡಿಯೊಗೆ ಫ್ರೀಕ್ವೆನ್ಸಿ ಕೊಡುವ ಕ್ರಿಸ್ಟಲ್‌ಗಳು. ಬೆಂಕಿಪೊಟ್ಟಣಕ್ಕಿಂತ ಚಿಕ್ಕದಾದ ಕಪ್ಪು ಬೇಕಲೈಟ್ ಪೆಟ್ಟಿಗೆ, ಕೆಳಗೆ ಎರಡು ಕಾಲು, ಮುಚ್ಚಳಕ್ಕೆ ಮೂರು ಸ್ಕ್ರೂ. ಎರಡನೇ ಮಹಾಯುದ್ಧದ ಕಾಲದ ಮಿಲಿಟರಿ ಸರಕು, ಗುಜರಿಯಲ್ಲಿ ಸಿಕ್ಕಿದ್ದು. ಅಪ್ಪ ಹ್ಯಾಮ್, ಅಂದರೆ ಹವ್ಯಾಸಿ ರೇಡಿಯೊದವರು ಆಗಿದ್ದರು. ಬೇಕಾದ ಫ್ರೀಕ್ವೆನ್ಸಿಯದು ಸಿಗದಿದ್ದರೆ ಸ್ಕ್ರೂ ಬಿಚ್ಚಿ, ಒಳಗಿನ ಕ್ವಾರ್ಟ್ಜ್ ಬಿಲ್ಲೆಯನ್ನು ಗಾಜಿನ ಮೇಲೆ ಇಟ್ಟು, ಉಜ್ಜುಪುಡಿ ಮತ್ತು ನೀರು ಹಾಕಿ ಮೆಲ್ಲಗೆ ತಿಕ್ಕುತ್ತಿದ್ದರು. ಬಿಲ್ಲೆ ತೆಳ್ಳಗಾದಷ್ಟೂ ಫ್ರೀಕ್ವೆನ್ಸಿ ಏರುತ್ತದೆ. ಜಾಸ್ತಿ ತಿಕ್ಕಿ ದಾಟಿಹೋಯಿತೋ, ಬಿಲ್ಲೆಯ ಮೇಲೆ ಪೆನ್ಸಿಲ್ ಗೀಚಿ ಒಂದಿಷ್ಟು ಇಳಿಸುತ್ತಿದ್ದರು. ಅದಕ್ಕೂ ಬಗ್ಗದಿದ್ದರೆ ಅದು ಕಸದ ಬುಟ್ಟಿಗೆ. ಆ ದಿನ ಮನೆಯಲ್ಲಿ ಯಾರೂ ಅವರನ್ನು ಮಾತಾಡಿಸುತ್ತಿರಲಿಲ್ಲ.

ಒಂದು ಕ್ರಿಸ್ಟಲ್ ಅಂದರೆ ಒಂದೇ ಫ್ರೀಕ್ವೆನ್ಸಿ. ನಾನು ಬೆಳೆದದ್ದು ಆ ಲೆಕ್ಕದಲ್ಲಿ. ಈಗ ನನ್ನ ಮೇಜಿನ ಮೇಲೆ 5 ಮಿಲಿಮೀಟರ್ ಅಗಲ, 7 ಮಿಲಿಮೀಟರ್ ಉದ್ದದ ಒಂದು ತುಣುಕು ಇದೆ. ಎರಡು ತಂತಿಯಲ್ಲಿ ಆರು ಬೈಟ್ ಕಳಿಸಿದರೆ 10ರಿಂದ 160 ಮೆಗಾಹರ್ಟ್ಜ್ ನಡುವೆ ಯಾವ ಫ್ರೀಕ್ವೆನ್ಸಿ ಕೇಳಿದರೂ ಕೊಡುತ್ತದೆ. ಇದರ ಹೆಸರು ಎಸ್‌ಐ 570. ಎಂಟು ತಿಂಗಳಿಂದ ಬಳಸುತ್ತಿದ್ದೇನೆ. ಚೆನ್ನಾಗಿದೆಯಾ ಅಂದರೆ ಚೆನ್ನಾಗಿದೆ. ಸುಲಭವಾ ಅಂದರೆ, ಮುಂದೆ ಓದಿ.

ನನ್ನ ಬಗ್ಗೆ ಒಂದು ಮಾತು. ನಾನು ಹಾಸನದಲ್ಲಿ ಪಾಲಿಟೆಕ್ನಿಕ್ ಒಂದರ ಎಲೆಕ್ಟ್ರಾನಿಕ್ಸ್ ಲ್ಯಾಬ್‌ನಲ್ಲಿ ಇನ್‌ಸ್ಟ್ರಕ್ಟರ್ ಆಗಿ 27 ವರ್ಷ ಇದ್ದು ನಿವೃತ್ತಿಯಾದವಳು. ಇಂಜಿನಿಯರ್ ಅಲ್ಲ. ಹುಡುಗರು ಸುಟ್ಟ ಐಸಿಗಳನ್ನು ಎಣಿಸಿ ಎಣಿಸಿ ತಲೆ ನೆರೆಸಿಕೊಂಡವಳು. ಹಾಗಾಗಿ ಈ ರಿವ್ಯೂ ಲ್ಯಾಬ್ ಮೇಜಿನ ಮಟ್ಟದ್ದು.

ಈ ಚಿಪ್ ನನಗೆ ಬೇಕಾದದ್ದು 40 ಮೀಟರ್ ಬ್ಯಾಂಡಿನ ರಿಸೀವರ್‌ಗೆ. ನಮ್ಮಲ್ಲಿ ಆ ಬ್ಯಾಂಡ್ 7.0ರಿಂದ 7.2 ಮೆಗಾಹರ್ಟ್ಜ್. ನಾನು ಕಟ್ಟಿದ್ದು ಲ್ಯಾಪ್‌ಟಾಪಿನ ಸೌಂಡ್ ಕಾರ್ಡಿಗೆ ಸಿಗ್ನಲ್ ಕೊಡುವ ಸರಳ ಎಸ್‌ಡಿಆರ್, ಅಂದರೆ ಉಳಿದ ಕೆಲಸವನ್ನು ಸಾಫ್ಟ್‌ವೇರ್ ಮಾಡುವ ರೇಡಿಯೊ. ಅದರಲ್ಲಿ 74ಎಸಿ74 ಚಿಪ್ ಕ್ಲಾಕನ್ನು, ಅಂದರೆ ಎಸ್‌ಐ 570 ಕೊಡುವ ಫ್ರೀಕ್ವೆನ್ಸಿಯನ್ನು, ನಾಲ್ಕರಿಂದ ಭಾಗಿಸುತ್ತದೆ. ಅಂದರೆ 7.1 ಮೆಗಾಹರ್ಟ್ಜ್ ಕೇಳಬೇಕಾದರೆ 28.4 ಕೊಡಬೇಕು. ಆಂಟೆನಾ ಸುಮಾರು 20 ಮೀಟರ್ ಉದ್ದದ ಡೈಪೋಲ್, ತೆಂಗಿನ ಮರಕ್ಕೂ ನೀರಿನ ಟ್ಯಾಂಕಿಗೂ ಕಟ್ಟಿದ್ದೇನೆ. ತೆಂಗಿನಕಾಯಿ ಕೀಳುವವನು ಬಂದಾಗೆಲ್ಲ ಒಂದು ಸಲ ಬಿಚ್ಚಬೇಕು.

ಮೊದಲು ಕೊಂಡ ಕಥೆ ಹೇಳಿಬಿಡುತ್ತೇನೆ. ಇದರಿಂದಲೇ ಕೆಲವರ ದುಡ್ಡು ಉಳಿಯಬಹುದು. ಆನ್‌ಲೈನ್‌ನಲ್ಲಿ ಒಬ್ಬರು ಮಾರುವವರ ಹತ್ತಿರ ತರಿಸಿದೆ. ಹೆಸರು ಬೇಡ. ನನಗೆ ಬೇಕಿದ್ದದ್ದು 570ಸಿಎಸಿ000141ಡಿಜಿ. ಈ ಉದ್ದದ ನಂಬರ್ ಸುಮ್ನೆ ಅಲ್ಲ, ಒಂದೊಂದು ಅಕ್ಷರಕ್ಕೂ ಅರ್ಥ ಇದೆ. ಮೊದಲ ಸಿ ಅಂದರೆ 3.3 ವೋಲ್ಟ್, ಸಿಮಾಸ್ ಔಟ್‌ಪುಟ್, ಸೊನ್ನೆಯಿಂದ ಹೆಚ್ಚುಕಡಿಮೆ 3.3ರವರೆಗೆ ಏರಿಳಿಯುವ ಸಿಗ್ನಲ್. ಎ ಅಂದರೆ ಶಾಖದಿಂದ 50 ಪಿಪಿಎಂವರೆಗೆ (ಹತ್ತು ಲಕ್ಷಕ್ಕೆ 50) ಅಲುಗಾಡಬಹುದು. ಮೂರನೆಯದು ಫ್ರೀಕ್ವೆನ್ಸಿಯ ದರ್ಜೆ. ಕೊನೆಗೆ ಬರುವ ಆರು ಅಂಕಿ ನೋಡಿದರೆ ಕರೆಂಟ್ ಕೊಟ್ಟ ಕೂಡಲೇ ಎಷ್ಟು ಮೆಗಾಹರ್ಟ್ಜ್ ಬರುತ್ತದೆ, ಬಸ್ಸಿನಲ್ಲಿ (ಚಿಪ್‌ಗಳು ಮಾತಾಡುವ ಎರಡು ತಂತಿಯ ದಾರಿ) ಅದರ ಮನೆ ನಂಬರ್ ಏನು ಅಂತ ಗೊತ್ತಾಗುತ್ತದೆ. 000141ಕ್ಕೆ 56.320 ಮೆಗಾಹರ್ಟ್ಜ್, ವಿಳಾಸ ಹೆಕ್ಸ್ (16ರ ಎಣಿಕೆಯಲ್ಲಿ) 55.

ಬಂದದ್ದನ್ನು ಬೋರ್ಡಿಗೆ ಬೆಸುಗೆ ಹಾಕಿದೆ. ಬಸ್ಸಿನಲ್ಲಿ ಕರೆದರೆ 'ಹೂಂ' ಅನ್ನುತ್ತದೆ, ರಿಜಿಸ್ಟರ್ (ಒಳಗಿನ ಚಿಕ್ಕ ಮೆಮೊರಿ ಖಾನೆ) ಓದಿಸುತ್ತದೆ, ಎಲ್ಲಾ ಸರಿ. ಆದರೆ 74ಎಸಿ74 ಕಡೆಯಿಂದ ಏನೂ ಬರುತ್ತಿಲ್ಲ. ಎರಡು ದಿನ 74ಎಸಿ74 ಬದಲಾಯಿಸಿದೆ, ಬೆಸುಗೆ ಮತ್ತೆ ಹಾಕಿದೆ. ಮೂರನೇ ದಿನ ಹಳೇ ಸ್ಕೋಪ್ ಹಚ್ಚಿ ನೋಡಿದರೆ ಎರಡು ಕಾಲಿನಲ್ಲಿ ಸಿಗ್ನಲ್ ಇದೆ, ಒಂದು ಏರಿದಾಗ ಇನ್ನೊಂದು ಇಳಿಯುತ್ತದೆ, ಏರಿಳಿತ ಮೂರೂವರೆ ನೂರು ಮಿಲಿವೋಲ್ಟ್ ಆಸುಪಾಸು. ಭೂತಗನ್ನಡಿ ಹಿಡಿದು ಮೇಲಿನ ಅಕ್ಷರ ಓದಿದೆ. 570ರ ಮುಂದೆ ಸಿ ಅಲ್ಲ, ಬಿ ಇತ್ತು. ಬಿ ಅಂದರೆ ಎಲ್‌ವಿಡಿಎಸ್, ಇಂಥ ಸಣ್ಣ ಜೋಡಿ ಸಿಗ್ನಲ್. ಅಷ್ಟು ಸಣ್ಣ ಏರಿಳಿತಕ್ಕೆ 74ಎಸಿ74 ಅಲುಗುವುದೂ ಇಲ್ಲ.

ಫೋನ್ ಮಾಡಿದರೆ "ಎರಡೂ ಒಂದೇ ಮೇಡಂ, ಚಿಪ್ ಸೇಮ್" ಅಂದರು. ಬೆಸುಗೆ ಹಾಕಿದ ಮೇಲೆ ವಾಪಸ್ಸು ತಗೊಳ್ಳುವುದಿಲ್ಲವಂತೆ. ಅಲ್ಲಾ, ಬೆಸುಗೆ ಹಾಕದೆ ಗೊತ್ತಾಗುವುದು ಹೇಗೆ? ಭೂತಗನ್ನಡಿ ಮೊದಲೇ ಹಿಡಿಯಬೇಕಿತ್ತು, ಅದು ನನ್ನ ತಪ್ಪು. ಎರಡನೆಯದನ್ನು ದೊಡ್ಡ ಡಿಸ್ಟ್ರಿಬ್ಯೂಟರ್ ಕಡೆಯಿಂದ ಪೂರ್ತಿ ನಂಬರ್ ಹಾಕಿ ತರಿಸಿದೆ. ಎರಡೂವರೆ ಸಾವಿರದ ಹತ್ತಿರ ಬಿತ್ತು. ಹುಡುಕುವಾಗ ಸಿಲಿಕಾನ್ ಲ್ಯಾಬ್ಸ್ ಅಂತಲೂ ಕಾಣಬಹುದು, ಸ್ಕೈವರ್ಕ್ಸ್ ಅಂತಲೂ ಕಾಣಬಹುದು. 2021ರಲ್ಲಿ ಈ ವಿಭಾಗವನ್ನು ಸ್ಕೈವರ್ಕ್ಸ್ ಕೊಂಡುಕೊಂಡಿದೆ. ಎರಡೂ ಹೆಸರಿನ ಡೇಟಾಶೀಟ್ (ಚಿಪ್ಪಿನ ವಿವರಪತ್ರ) ಒಂದೇ ಚಿಪ್ಪಿನದು.

ಬೆಸುಗೆ ವಿಷಯ. ಆರು ಪ್ಯಾಡ್ ಎರಡು ಬದಿಯಲ್ಲಿ ಇವೆ, ಬಸ್ಸಿನ ಎರಡು ಪ್ಯಾಡ್ ಮಾತ್ರ ತಲೆ ಮತ್ತು ಬುಡದಲ್ಲಿ. ಅವು ಹೊಟ್ಟೆಯ ಕೆಳಗೆ ಅಡಗಿರುತ್ತವೆ. ಫ್ಲಕ್ಸ್ ಧಾರಾಳವಾಗಿ ಹಚ್ಚಿ, ಪ್ಯಾಡ್ ಸ್ವಲ್ಪ ಉದ್ದ ಇರುವ ಅಡಾಪ್ಟರ್ ಬೋರ್ಡ್ ಬಳಸಿದರೆ ಸಾಧಾರಣ ಬೆಸುಗೆ ಕಡ್ಡಿಯಲ್ಲೇ ಆಗುತ್ತದೆ. ನನ್ನ ಕಣ್ಣಿಗೆ ಆಯಿತು ಅಂದರೆ ನಿಮಗೂ ಆಗುತ್ತದೆ.

ಕರೆಂಟ್ ಬಗ್ಗೆ ಮಾತ್ರ ಹುಷಾರು. ಈ ಪುಟ್ಟದು ಸುಮಾರು 90 ಮಿಲಿಆಂಪ್ ಕುಡಿಯುತ್ತದೆ. ಬೈಟ್ ಕಳಿಸಲು ನಾನು ಬಳಸುವ ಪುಟ್ಟ ಮೈಕ್ರೊಕಂಟ್ರೋಲರ್ ಬೋರ್ಡ್ ಆರ್ಡುಯಿನೊ ನ್ಯಾನೊದ 3.3 ವೋಲ್ಟ್ ಕಾಲಿಗೆ 50 ಮಿಲಿಆಂಪ್ ಕೊಡುವುದೇ ಕಷ್ಟ. ಅಲ್ಲಿಂದ ಕೊಟ್ಟರೆ ಒಮ್ಮೆ ಓಡುತ್ತದೆ, ಒಮ್ಮೆ ತೂಕಡಿಸುತ್ತದೆ. ಬೇರೆ 3.3 ರೆಗ್ಯುಲೇಟರ್ ಹಾಕಿ, ಚಿಪ್ಪಿನ ಕಾಲಿಗೆ ಅಂಟಿಕೊಂಡ ಹಾಗೆ 0.1 ಮೈಕ್ರೊಫ್ಯಾರಡ್ ಕೆಪಾಸಿಟರ್ ಇಡಿ. ಮುಟ್ಟಿದರೆ ಬೆಚ್ಚಗಿರುತ್ತದೆ, ಅದಕ್ಕೆ ಹೆದರಬೇಡಿ. ಇನ್ನು ನ್ಯಾನೊ 5 ವೋಲ್ಟಿನದು, ಇದು 3.3ರದು. ನಡುವೆ ವೋಲ್ಟೇಜ್ ಹೊಂದಿಸುವ ಲೆವೆಲ್ ಶಿಫ್ಟರ್ ಬೇಕೇ ಬೇಕು. ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಒಂದು ಚಹಾ ಬನ್ನಿನ ದುಡ್ಡಿಗೆ ಸಿಗುತ್ತದೆ, ಜಿಪುಣತನ ಮಾಡಬೇಡಿ.

ಈಗ ಅಸಲು ವಿಷಯಕ್ಕೆ ಬರೋಣ. ಬಸ್ ಅಂದರೆ ಐ2ಸಿ. 1982ರಲ್ಲಿ ಫಿಲಿಪ್ಸ್ ಕಂಪನಿಯವರು ಮಾಡಿದ್ದು. ಎರಡೇ ತಂತಿ, ಒಂದರಲ್ಲಿ ಮಾತು, ಇನ್ನೊಂದರಲ್ಲಿ ತಾಳ. ಒಂದೊಂದು ಚಿಪ್ಪಿಗೂ ಮನೆ ನಂಬರ್. ಇಲ್ಲೇ ಮೊದಲ ಗೊಂದಲ. ಡೇಟಾಶೀಟ್‌ನಲ್ಲಿ 55 ಅಂತ ಇರುತ್ತದೆ, ಕೆಲವರ ಕೋಡ್‌ನಲ್ಲಿ ಎಎ ಅಂತ ಇರುತ್ತದೆ. ಎರಡೂ ಒಂದೇ. ಏಳು ಬಿಟ್‌ನ ವಿಳಾಸದ ಕೊನೆಗೆ ಓದು ಅಥವಾ ಬರೆ ಅನ್ನುವ ಬಿಟ್ ಸೇರಿಸಿದಾಗ 55 ಹೋಗಿ ಬರೆಯಲು ಎಎ, ಓದಲು ಎಬಿ ಆಗುತ್ತದೆ. ಆರ್ಡುಯಿನೊದ ವೈರ್ ಲೈಬ್ರರಿಗೆ (ಬಸ್ಸಿಗೆಂದೇ ಇರುವ ಸಿದ್ಧ ಕೋಡ್) 55 ಕೊಡಬೇಕು.

ಚಿಪ್ಪಿನ ಒಳಗೆ ಏನಿದೆ ಅಂತ ಗೊತ್ತಿಲ್ಲದೆ ಬೈಟ್ ತುಂಬಿದರೆ ಪ್ರಯೋಜನ ಇಲ್ಲ. ಒಳಗೆ ಒಂದು ಕ್ರಿಸ್ಟಲ್ ಇದೆ, ಹೆಚ್ಚುಕಡಿಮೆ 114.285 ಮೆಗಾಹರ್ಟ್ಜ್. ಅದನ್ನು ಯಾರೂ ತಿಕ್ಕುವುದಿಲ್ಲ, ಅದು ಇದ್ದ ಹಾಗೇ ಇರುತ್ತದೆ. ಅದನ್ನು ಆಧಾರ ಮಾಡಿಕೊಂಡು ಇನ್ನೊಂದು ಆಸಿಲೇಟರ್ (ಕಂಪನ ಹುಟ್ಟಿಸುವ ಸರ್ಕ್ಯೂಟ್) 4.85ರಿಂದ 5.67 ಗಿಗಾಹರ್ಟ್ಜ್ ನಡುವೆ ಓಡುತ್ತದೆ. ಕ್ರಿಸ್ಟಲ್‌ನ ಎಷ್ಟು ಪಟ್ಟು ಓಡಬೇಕು ಅನ್ನುವುದನ್ನು ಆರ್‌ಫ್ರೆಕ್ ಅನ್ನುವ 38 ಬಿಟ್‌ಗಳ ಸಂಖ್ಯೆ ಹೇಳುತ್ತದೆ. ಅದರಲ್ಲಿ 28 ಬಿಟ್ ದಶಮಾಂಶದ ಭಾಗ, ಅಷ್ಟು ನಯ. ಆಮೇಲೆ ಆ ಓಟವನ್ನು ಭಾಗಿಸಿ ಬೇಕಾದ ಫ್ರೀಕ್ವೆನ್ಸಿಗೆ ಇಳಿಸುವ ಎರಡು ಭಾಜಕಗಳು. ಎಚ್‌ಎಸ್ ಡಿವ್‌ಗೆ 4, 5, 6, 7, 9, 11 ಮಾತ್ರ ಆಗುತ್ತದೆ. ಎನ್1ಗೆ 1 ಅಥವಾ 128ರವರೆಗಿನ ಸಮಸಂಖ್ಯೆ. 8 ಮತ್ತು 10 ಯಾಕಿಲ್ಲ ಅಂತ ನನ್ನನ್ನು ಕೇಳಬೇಡಿ.

ಇದು ನಮ್ಮ ಕುತ್ತಿಗೆ ಹಿಡಿಯುವ ಜಾಗ ಆ 'ಹೆಚ್ಚುಕಡಿಮೆ' ಅನ್ನುವ ಮಾತು. ನಮ್ಮ ಮಾರ್ಕೆಟ್‌ನಲ್ಲಿ ಹೂವಿನವರು ಮೊಳ ಹಾಕುತ್ತಾರಲ್ಲ, ಹಾಗೆ. ಒಬ್ಬೊಬ್ಬರ ಮೊಳ ಒಂದೊಂದು ಉದ್ದ. ಪ್ರತಿ ಎಸ್‌ಐ 570 ಒಳಗಿನ ಕ್ರಿಸ್ಟಲ್ಲಿನ ಮೊಳವೂ ಬೇರೆ ಬೇರೆ. ಫ್ಯಾಕ್ಟರಿಯವರು ಅದನ್ನು ಸರಿಮಾಡಲು ಹೋಗುವುದಿಲ್ಲ. ಈ ಕೈಗೆ ಎಷ್ಟು ಮೊಳ ಹಾಕಿದರೆ ಸರಿಯಾಗಿ 56.320 ಬರುತ್ತದೆ ಅಂತ ಅಳೆದು, ಆ ಲೆಕ್ಕವನ್ನು ರಿಜಿಸ್ಟರ್ 7ರಿಂದ 12ರಲ್ಲಿ ಬರೆದಿಟ್ಟು ಕಳಿಸುತ್ತಾರೆ. ಹಾಗಾಗಿ ನಾವು ಮೊದಲು ಮಾಡಬೇಕಾದದ್ದು ಬರೆಯುವುದಲ್ಲ, ಓದುವುದು.

ನಾನು ಓದಿದಾಗ ಬಂದದ್ದು ಇದು: ಇ1, ಸಿ2, ಬಿ5, ಎಫ್1, 2ಎ, 6ಸಿ.

ಇ1ರ ಮೊದಲ ಮೂರು ಬಿಟ್ 7. ಅದಕ್ಕೆ 4 ಸೇರಿಸಿದರೆ ಎಚ್‌ಎಸ್ ಡಿವ್ 11. ಇ1ರ ಉಳಿದ ಐದು ಬಿಟ್, ಸಿ2ರ ಮೊದಲ ಎರಡು ಬಿಟ್ ಸೇರಿದರೆ 7. ಅದಕ್ಕೆ 1 ಸೇರಿಸಿದರೆ ಎನ್1 ಅಂದರೆ 8. ಉಳಿದದ್ದೆಲ್ಲ ಆರ್‌ಫ್ರೆಕ್. ಅದನ್ನು 2ರ ಘಾತ 28ರಿಂದ ಭಾಗಿಸಿದರೆ 43.37137834. ಈಗ 56.32 ಗುಣಿಸು 11 ಗುಣಿಸು 8, 4956.16 ಮೆಗಾಹರ್ಟ್ಜ್ ಆಯಿತು. ಅದನ್ನು 43.37137834ರಿಂದ ಭಾಗಿಸಿದರೆ ನನ್ನ ಚಿಪ್ಪಿನ ಕ್ರಿಸ್ಟಲ್ 114.272596 ಮೆಗಾಹರ್ಟ್ಜ್. 114.285 ಅಲ್ಲ. ನನ್ನ ಹೂವಿನವಳ ಕೈ ಸ್ವಲ್ಪ ಗಿಡ್ಡ.

ಈ ಲೆಕ್ಕ ನಾನು ಮೊದಲ ದಿನವೇ ಮಾಡಲಿಲ್ಲ. ಡೇಟಾಶೀಟ್‌ನಲ್ಲಿ 114.285 ಅಂತ ಮುದ್ರಿಸಿದ್ದಾರೆ, ಇಷ್ಟೊಂದು ಅಂಕಿ ಕೊಟ್ಟ ಮೇಲೆ ಅದೇ ಸರಿ ಇರಬೇಕು ಅಂತ ಹಾಗೇ ಕೋಡ್‌ಗೆ ತುಂಬಿದೆ. ರಿಸೀವರ್ ಬದುಕಿತು. ಬೆಳಗಿನ ನೆಟ್ (ಹ್ಯಾಮ್‌ಗಳು ರೇಡಿಯೊದಲ್ಲಿ ಸೇರಿ ಮಾತಾಡುವ ಕೂಟ) ಹತ್ತಿದಾಗ ಸಂತೋಷಕ್ಕೆ ಕಾಫಿ ಒಲೆಯ ಮೇಲೆ ಉಕ್ಕಿಹೋಯಿತು. ಆದರೆ ಎಲ್ಲರೂ ಬಾವಿಯೊಳಗೆ ಕೂತು ಮಾತಾಡಿದ ಹಾಗೆ ಕೇಳುತ್ತಿತ್ತು. ಡಯಲ್ ಅನ್ನು ಮುಕ್ಕಾಲು ಕಿಲೋಹರ್ಟ್ಜ್ ಎತ್ತಿದರೆ ಮನುಷ್ಯರ ಸ್ವರ ಬರುತ್ತದೆ.

ಆವತ್ತು ರಾತ್ರಿ 10 ಮೆಗಾಹರ್ಟ್ಜ್‌ನಲ್ಲಿ ಚೀನಾದ ಬಿಪಿಎಂ ಸಮಯದ ಸ್ಟೇಷನ್ ಹುಡುಕಿದೆ. ಟಿಕ್ ಟಿಕ್ ಅಂತ ಬರುತ್ತದಲ್ಲ, ಅದೇ. ಅವರು ಸರಿಯಾಗಿ 10ರಲ್ಲಿ ಇರುತ್ತಾರೆ. ನನ್ನ ಪರದೆಯಲ್ಲಿ ಅದು 1085 ಹರ್ಟ್ಜ್ ಆಚೆ ಕಾಣಿಸಿತು. 7.1ರಲ್ಲಿ 770, 10ರಲ್ಲಿ 1085. ಭಾಗಿಸಿ ನೋಡಿದರೆ ಎರಡೂ ಕಡೆ ಹತ್ತು ಲಕ್ಷಕ್ಕೆ 108.5. ತಪ್ಪು ಫ್ರೀಕ್ವೆನ್ಸಿಯ ಜೊತೆಗೇ ಬೆಳೆಯುತ್ತಿದೆ ಅಂದರೆ ತಪ್ಪಿರುವುದು ಅಳತೆಗೋಲೇ. ಆಮೇಲೆ ರಿಜಿಸ್ಟರ್ ಓದಿ, ಮೇಲಿನ ಲೆಕ್ಕ ಮಾಡಿ, 114.272596 ಹಾಕಿದೆ. ಬಿಪಿಎಂ ಹದಿನೈದು ಹರ್ಟ್ಜ್ ಆಸುಪಾಸಿಗೆ ಬಂದು ಕೂತಿತು. 27 ವರ್ಷ ಹುಡುಗರಿಗೆ ಮೀಟರ್ ಮುಟ್ಟುವ ಮೊದಲು ಝೀರೋ ನೋಡಿ ಅಂತ ಬೈದವಳು ನಾನು.

ಬರೆಯುವ ಲೆಕ್ಕ ಓದಿದ್ದರ ತಿರುಗುಮುರುಗು. 28.4 ಬೇಕು. 4850 ಮತ್ತು 5670ರ ನಡುವೆ ಬೀಳಬೇಕಾದರೆ ಭಾಜಕಗಳ ಗುಣಲಬ್ಧ 171ರಿಂದ 199 ಇರಬೇಕು. ಎಚ್‌ಎಸ್ ಡಿವ್ ಆದಷ್ಟು ದೊಡ್ಡದು, ಎನ್1 ಆದಷ್ಟು ಚಿಕ್ಕದು ಇಟ್ಟುಕೊಂಡರೆ ಒಳ್ಳೆಯದು, ಕರೆಂಟ್ ಕಡಿಮೆ ತಿನ್ನುತ್ತದೆ. 11 ಗುಣಿಸು 16, 176. ಒಳಗಿನ ಆಸಿಲೇಟರ್ 4998.4 ಮೆಗಾಹರ್ಟ್ಜ್ ಓಡಬೇಕು, ಆರ್‌ಫ್ರೆಕ್ 43.74102. ಬೈಟ್‌ಗಳು ಇ3, ಸಿ2, ಬಿಬಿ, ಡಿಬಿ ಅಂತ ಶುರುವಾಗುತ್ತವೆ. ಇದೇ 176 ಇಟ್ಟುಕೊಂಡರೆ ಇಡೀ 40 ಮೀಟರ್ ಬ್ಯಾಂಡ್ ಮುಗಿಯುತ್ತದೆ, ಭಾಜಕ ಮುಟ್ಟುವುದೇ ಬೇಡ.

ಬರೆಯುವುದಕ್ಕೆ ಒಂದು ಶಾಸ್ತ್ರ ಇದೆ. ರಿಜಿಸ್ಟರ್ 137ಕ್ಕೆ ಹೆಕ್ಸ್ 10 ಬರೆದು ಒಳಗಿನ ಆಸಿಲೇಟರನ್ನು ತಡೆಹಿಡಿಯಬೇಕು. ಆಮೇಲೆ 7ರಿಂದ 12ರವರೆಗೆ ಆರು ಬೈಟ್. ಆಮೇಲೆ 137ಕ್ಕೆ ಸೊನ್ನೆ ಬರೆದು ಬಿಡಬೇಕು. ಬಿಟ್ಟ 10 ಮಿಲಿಸೆಕೆಂಡ್ ಒಳಗೆ 135ಕ್ಕೆ ಹೆಕ್ಸ್ 40 ಬರೆದು, ಹೊಸ ಫ್ರೀಕ್ವೆನ್ಸಿ ಬಂದಿದೆ ಅಂತ ಹೇಳಬೇಕು. ಇಲ್ಲಿ ನಾನು ಒಂದು ವಾರ ಕಳೆದೆ. ಒಮ್ಮೆ ಫ್ರೀಕ್ವೆನ್ಸಿ ಬದಲಾಗುತ್ತದೆ, ಒಮ್ಮೆ ಇಲ್ಲ. ತಂತಿ ಅಲ್ಲಾಡಿಸಿದೆ, ಪುಲ್‌ಅಪ್ ರೆಸಿಸ್ಟರ್ ಬದಲಾಯಿಸಿದೆ, ಶಿಫ್ಟರ್ ಬೈದೆ. ಕೊನೆಗೆ ನೋಡಿದರೆ 137 ಬಿಡುವುದಕ್ಕೂ 135 ಬರೆಯುವುದಕ್ಕೂ ನಡುವೆ ನಾನೇ ಒಂದು ಉದ್ದದ ಸಾಲು ಪ್ರಿಂಟ್ ಮಾಡಿಸಿದ್ದೆ, ಆರು ರಿಜಿಸ್ಟರ್‌ಗಳ ವಿವರ ಸಮೇತ. 9600 ಬಾಡ್ ವೇಗದಲ್ಲಿ ಒಂದು ಅಕ್ಷರ ಹೋಗಲು ಒಂದು ಮಿಲಿಸೆಕೆಂಡ್ ಬೇಕು. ನ್ಯಾನೊದ ಬಫರ್ ತುಂಬಿದ ಮೇಲೆ ಕೋಡ್ ಅಲ್ಲೇ ನಿಂತು ಕಾಯುತ್ತದೆ. 10 ಮಿಲಿಸೆಕೆಂಡ್ ಕಳೆದೇ ಹೋಗಿರುತ್ತದೆ. ತಪ್ಪು ಹುಡುಕಲು ಹಾಕಿದ ಸಾಲೇ ತಪ್ಪು ಮಾಡುತ್ತಿತ್ತು.

ಇನ್ನೊಂದು ಬಗ್ ಇದಕ್ಕಿಂತ ಮಜಾ ಇತ್ತು. ಕರೆಂಟ್ ತೆಗೆದು ಹಾಕಿದರೆ ರಿಸೀವರ್ ಚೆನ್ನಾಗಿ ಏಳುತ್ತದೆ. ನ್ಯಾನೊದ ರೀಸೆಟ್ ಗುಂಡಿ ಒತ್ತಿದರೆ ಸತ್ತುಹೋಗುತ್ತದೆ. ಕ್ರಿಸ್ಟಲ್ ಲೆಕ್ಕವನ್ನು ಪರದೆಗೆ ತಂದು ನೋಡಿದೆ. 226.6 ಮೆಗಾಹರ್ಟ್ಜ್ ಅಂತ ಬಂತು! ಒಂದು ಕ್ಷಣ ನನಗೂ ನಂಬುವ ಹಾಗಾಯಿತು. ಆಮೇಲೆ ಹೊಳೆಯಿತು. ರೀಸೆಟ್ ಆದದ್ದು ನ್ಯಾನೊ, ಎಸ್‌ಐ 570 ಅಲ್ಲ. ಅದರ ರಿಜಿಸ್ಟರ್‌ನಲ್ಲಿ ನಾನೇ ಬರೆದ 28.4ರ ಬೈಟ್‌ಗಳು ಕೂತಿವೆ. ನನ್ನ ಕೋಡ್ ಅವನ್ನು ಫ್ಯಾಕ್ಟರಿಯವರ 56.32ರ ಬೈಟ್ ಅಂತ ತಿಳಿದು ಲೆಕ್ಕ ಹಾಕುತ್ತಿದೆ. ಭಾಜಕ 88ರ ಬದಲು 176, ಉತ್ತರ ಹೆಚ್ಚುಕಡಿಮೆ ಎರಡರಷ್ಟು. ಇದಕ್ಕೆ ಮದ್ದು ರಿಜಿಸ್ಟರ್ 135ರಲ್ಲೇ ಇದೆ. ಅದಕ್ಕೆ 1 ಬರೆದರೆ ಫ್ಯಾಕ್ಟರಿಯ ಲೆಕ್ಕವನ್ನು ಒಳಗಿನ ಮೆಮೊರಿಯಿಂದ ಮತ್ತೆ ತಂದು ತುಂಬಿಕೊಳ್ಳುತ್ತದೆ. ಆಮೇಲೆ ಓದಿ. ಈಗ ನನ್ನ ಕೋಡಿನ ಮೊದಲ ಕೆಲಸ ಅದೇ.

ಇಲ್ಲಿ ಒಂದು ಕೊರತೆಯನ್ನೂ ಹೇಳಬೇಕು. ನಾವು ಬರೆದದ್ದು ಅದರ ಒಳಗೆ ಉಳಿಯುವುದಿಲ್ಲ. ಕರೆಂಟ್ ಹೋದರೆ ಮರೆತು ಮತ್ತೆ 56.32ಕ್ಕೆ ಬರುತ್ತದೆ. ನಮ್ಮ ಬೀದಿಯಲ್ಲಿ ಮಳೆಗಾಲದಲ್ಲಿ ಇದು ದಿನಕ್ಕೆ ನಾಲ್ಕು ಸಲ. ಹಾಗಾಗಿ ಒಂದು ಮೈಕ್ರೊಕಂಟ್ರೋಲರ್ ಯಾವಾಗಲೂ ಜೊತೆಗಿರಲೇಬೇಕು. ಒಂದು ಸಲ ಬರೆದು ಬಿಟ್ಟುಬಿಡುವ ಕ್ರಿಸ್ಟಲ್ ಅಂದುಕೊಂಡು ಇದನ್ನು ತಗೊಳ್ಳಬೇಡಿ.

ಇನ್ನು ಡಯಲ್ ತಿರುಗಿಸುವ ಸುಖ. ಪ್ರತಿ ಸಲವೂ ತಡೆಹಿಡಿದು ಬಿಡಬೇಕಾಗಿಲ್ಲ. ಈಗಿರುವ ಫ್ರೀಕ್ವೆನ್ಸಿಯಿಂದ 3500 ಪಿಪಿಎಂ ಒಳಗೆ ಓಡಾಡುವುದಾದರೆ ಆರ್‌ಫ್ರೆಕ್ ಮಾತ್ರ ಬದಲಾಯಿಸಿದರೆ ಸಾಕು, ಔಟ್‌ಪುಟ್ ನಿಲ್ಲದೆ ಜಾರುತ್ತದೆ. 7.1ರಲ್ಲಿ ಅದು ಆಚೆ ಈಚೆ ಸುಮಾರು 25 ಕಿಲೋಹರ್ಟ್ಜ್. ಅದನ್ನು ದಾಟಿದರೆ ಮೇಲಿನ ಶಾಸ್ತ್ರ ಪೂರ್ತಿ ಮಾಡಬೇಕು, ಸ್ಪೀಕರ್‌ನಲ್ಲಿ ಒಂದು ಸಣ್ಣ 'ಟಕ್' ಕೇಳುತ್ತದೆ. ಬ್ಯಾಂಡಿನ ಈ ತುದಿಯಿಂದ ಆ ತುದಿಗೆ ಹೋಗುವಷ್ಟರಲ್ಲಿ ಏಳೆಂಟು ಟಕ್. ನನಗೆ ಅದು ಇಷ್ಟವಾಯಿತು, ಹಳೇ ಬ್ಯಾಂಡ್ ಸ್ವಿಚ್ ತಿರುಗಿಸಿದ ಹಾಗಿದೆ. ನಡುವೆ ಸುಮ್ಮನಿದ್ದಾಗ ಬಸ್ಸಿನಲ್ಲಿ ಮಾತಾಡಬೇಡಿ. ಚಿಪ್ಪನ್ನು ಸೆಕೆಂಡಿಗೆ ಹತ್ತು ಸಲ ಸುಮ್ನೆ ಓದುತ್ತಾ ಕೂತರೆ ಆ ಕಿರಿಕಿರಿ ರಿಸೀವರ್‌ಗೆ ನುಗ್ಗುತ್ತದೆ.

ಔಟ್‌ಪುಟ್ ಹೇಗಿದೆ? ಇದಕ್ಕೆ ಪೂರ್ತಿ ಮಾರ್ಕ್ಸ್. ಪಕ್ಕದಲ್ಲೇ ಜೋರಾದ ಸ್ಟೇಷನ್ ಇದ್ದಾಗಲೂ ಕ್ಷೀಣ ಮೋರ್ಸ್ ಸ್ವರ ಶುಭ್ರವಾಗಿ ಎದ್ದು ನಿಲ್ಲುತ್ತದೆ. ಅರ್ಧ ಗಂಟೆ ಬೆಚ್ಚಗಾದ ಮೇಲೆ ಬಿಟ್ಟ ಜಾಗದಲ್ಲೇ ಇರುತ್ತದೆ. ಬೇಸಿಗೆಯ ಮಧ್ಯಾಹ್ನಕ್ಕೂ ಬೆಳಗಿನ ಚಳಿಗೂ ವ್ಯತ್ಯಾಸ ಇದೆ, ಆದರೆ ಮಾತು ಕೇಳುವವರಿಗೆ ಗೊತ್ತಾಗುವಷ್ಟಲ್ಲ. ಇನ್ನೂ ನಿಖರ ಬೇಕು ಅನ್ನುವವರಿಗೆ 20 ಪಿಪಿಎಂ, 7 ಪಿಪಿಎಂ ದರ್ಜೆಗಳೂ ಇವೆ. 7ರದ್ದು ತರಿಸಿದರೆ ಒಂದು ನೆನಪಿಡಿ. ಅದರಲ್ಲಿ ಫ್ರೀಕ್ವೆನ್ಸಿಯ ರಿಜಿಸ್ಟರ್‌ಗಳು 7ರಿಂದ 12 ಅಲ್ಲ, 13ರಿಂದ 18. ಬೇರೆಯವರ ಕೋಡ್ ಎತ್ತಿ ಹಾಕಿದರೆ ಚಿಪ್ ಸುಮ್ಮನೆ ನಿಮ್ಮ ಮುಖ ನೋಡುತ್ತದೆ.

"ಎಸ್‌ಐ 5351 ಇದೆಯಲ್ಲ, ಇಷ್ಟು ದುಡ್ಡು ಯಾಕೆ?" ಅಂತ ಯಾರಾದರೂ ಕೇಳೇ ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಅದೂ ಇಂಥದ್ದೇ ಅಗ್ಗದ ಫ್ರೀಕ್ವೆನ್ಸಿ ಚಿಪ್. ಅದರ ಮಾಡ್ಯೂಲ್ ನನ್ನ ಹತ್ತಿರವೂ ಇದೆ, ಇದರ ಕಾಲು ಭಾಗ ದುಡ್ಡಿಗೂ ಕಡಿಮೆಗೆ ಬಂತು. ಒಂದೇ ಚಿಪ್ಪಿನಲ್ಲಿ ಮೂರು ಔಟ್‌ಪುಟ್, ಕೆಳಗೆ 8 ಕಿಲೋಹರ್ಟ್ಜ್‌ವರೆಗೆ ಇಳಿಯುತ್ತದೆ. ಕ್ರಿಸ್ಟಲ್ ಹೊರಗೆ ಇರುತ್ತದೆ, ಸಾಮಾನ್ಯವಾಗಿ 25 ಮೆಗಾಹರ್ಟ್ಜ್. ಹೈದರಾಬಾದಿನ ಅಶ್ಹರ್ ಫರ್ಹಾನ್ ಅವರ ಮೈಕ್ರೊ ಬಿಟೆಕ್ಸ್ ರೇಡಿಯೊದಲ್ಲಿ ಮೂರು ಆಸಿಲೇಟರ್‌ಗಳ ಕೆಲಸವನ್ನೂ ಅದೊಂದೇ ಮಾಡುತ್ತದೆ. ಮೊದಲ ರೇಡಿಯೊ ಕಟ್ಟುವವರು ಅದನ್ನೇ ತಗೊಳ್ಳಿ, ನಾನೇ ಹೇಳುತ್ತೇನೆ. ಒಳ್ಳೆ ಲೈಬ್ರರಿ ಸಿಗುತ್ತದೆ, ರಿಜಿಸ್ಟರ್ ಮುಖ ನೋಡಬೇಕಾಗಿಲ್ಲ. ಎಸ್‌ಐ 570 ಅದಕ್ಕಿಂತ ಶುಭ್ರ, ಅಷ್ಟೆ. ನನ್ನ ಕಿವಿಗೆ ಆ ಶುಭ್ರತೆ ಕೇಳುತ್ತದೆ. ನಿಮಗೆ ಕೇಳದಿದ್ದರೆ ಎರಡು ಸಾವಿರ ರೂಪಾಯಿ ಉಳಿಯಿತು.

ಡೇಟಾಶೀಟ್‌ಗೆ ಮಾತ್ರ ನಾನು ವೈವಾದಲ್ಲಿ ಕಡಿಮೆ ಮಾರ್ಕ್ಸ್ ಕೊಡುತ್ತೇನೆ. ಎಲ್ಲಾ ಬರೆದಿದ್ದಾರೆ, ಸುಳ್ಳಿಲ್ಲ. ಆದರೆ ಮೊದಲು ಓದು, ಆಮೇಲೆ ಬರೆ ಅನ್ನುವುದನ್ನು ಮೊದಲ ಪುಟದಲ್ಲೇ ದಪ್ಪ ಅಕ್ಷರದಲ್ಲಿ ಹಾಕಬಹುದಿತ್ತು. ನಾನಾಗಿದ್ದರೆ ಚಿಪ್ಪಿನ ಬೆನ್ನ ಮೇಲೇ ಬರೆಸುತ್ತಿದ್ದೆ.

ನನ್ನ ಕೋಡ್ ನೋಡಿ ನನ್ನಣ್ಣನ ಮಗನೂ ಒಂದು ತರಿಸಿದ. ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಓದುತ್ತಿದ್ದಾನೆ. ಅದೇ ನಂಬರ್, ಅದೇ ಡಿಸ್ಟ್ರಿಬ್ಯೂಟರ್. ನಾನು ಅವನಿಗೆ ಕಳಿಸಿದ್ದು ಹಳೇ ಫೈಲು, ಅದರಲ್ಲಿ ನನ್ನ 114.272596 ನೇರವಾಗಿ ತುಂಬಿಟ್ಟಿದ್ದೆ ಅನ್ನುವುದು ಮರೆತೇ ಹೋಗಿತ್ತು. ಕಳೆದ ಭಾನುವಾರ ಫೋನ್ ಬಂತು.

"ಅತ್ತೆ, ನಿಮ್ಮ ಕೋಡ್ ತಪ್ಪಿದೆ. 10 ಕೇಳಿದ್ರೆ ಕಾಲೇಜ್ ಫ್ರೀಕ್ವೆನ್ಸಿ ಕೌಂಟರ್‌ನಲ್ಲಿ 10.0014 ತೋರಿಸ್ತಿದೆ."

"ನಿನ್ನ ಚಿಪ್ಪಿನ ರಿಜಿಸ್ಟರ್ ಓದಿದ್ಯೇನೋ?"

"ಅದ್ಯಾಕೆ? ನಿಮ್ದು, ನಂದು ಒಂದೇ ನಂಬರ್ ಅಲ್ವಾ?"

"135ಕ್ಕೆ ಒಂದು ಬರಿ. ಆಮೇಲೆ 7ರಿಂದ ಓದ್ಕೊಂಡು ಬಾ."

ಕೀಬೋರ್ಡ್ ಸದ್ದು ಕೇಳಿಸಿತು. ನಾನು ಅಷ್ಟರಲ್ಲಿ ನನ್ನ ಹಳೇ ಲ್ಯಾಬ್ ರೆಕಾರ್ಡ್ ಪುಸ್ತಕ ತೆಗೆದು, ನನ್ನ ಆರು ಬೈಟ್ ಬರೆದಿದ್ದ ಪುಟ ಹುಡುಕಿದೆ.

"ಇ1, ಸಿ2, ಬಿ5... ಇಲ್ಲಿವರೆಗೆ ನಿಮ್ದೇ ಅತ್ತೆ. ಆಮೇಲೆ ಎಫ್1 ಬರಬೇಕಿತ್ತು ಅಲ್ವಾ? ನಂದರಲ್ಲಿ ಡಿ8 ಇದೆ."

"ಹೂಂ. ಬರ್ಕೋ," ಅಂದೆ.